ಟೈರ್ ಕೊಂಡದ್ದು ಒಂದೆಡೆ, ಹಾಕಿಸಿದ್ದು ಇನ್ನೊಂದೆಡೆ: ಶಿರಸಿಯ ಒಂದು ಪ್ರಕರಣ

ಗಾಡಿ ಮತ್ತು ದಾರಿ

ನನ್ನ ತಮ್ಮ ಕುಮಟಾದ ಒಂದು ಕಾಲೇಜಿನಲ್ಲಿ ಉಪನ್ಯಾಸಕ. ಮನೆ ಶಿರಸಿಯಲ್ಲಿರುವುದರಿಂದ ಶನಿವಾರ ಮಧ್ಯಾಹ್ನ ಘಟ್ಟ ಹತ್ತಿ ಬರುವುದು, ಸೋಮವಾರ ನಸುಕಿನಲ್ಲಿ ಇಳಿದು ಹೋಗುವುದು ಅವನ ವಾರದ ಕ್ರಮ. ದಾರಿ ಸುಮಾರು 60 ಕಿ.ಮೀ.; ನಡುವೆ ದೇವಿಮನೆ ಘಟ್ಟ. ಗಾಡಿ 2018ರಲ್ಲಿ ಕೊಂಡ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಅದರ ಮುಂದಿನ ಟೈರ್ 90/90-21, ಹಿಂದಿನದು 120/90-17. ಸ್ಪೋಕ್ ಚಕ್ರಗಳ ಗಾಡಿಯಾದ್ದರಿಂದ ಟೈರಿನೊಳಗೆ ಟ್ಯೂಬ್ ಇರುತ್ತದೆ. ಮುಂದೆ ನಡೆದದ್ದಕ್ಕೆಲ್ಲ ಮೂಲ ಈ ಟ್ಯೂಬೇ ಆದ್ದರಿಂದ ಅದನ್ನು ಮೊದಲೇ ಹೇಳಿದ್ದೇನೆ.

2023ರ ಏಪ್ರಿಲ್ ಕೊನೆಯ ಹೊತ್ತಿಗೆ ಹಿಂದಿನ ಟೈರಿನ ಗ್ರಿಪ್ ಸವೆದು, ಗೆರೆಗಳ ತಳದಲ್ಲಿರುವ ಸವೆತ ಸೂಚಕದ ಉಬ್ಬುಗಳ ಮಟ್ಟಕ್ಕೆ ಬಂದಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮದಂತೆ ದ್ವಿಚಕ್ರ ವಾಹನದ ಟೈರಿನ ಗೆರೆಯ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಆದರೆ ಮಲೆನಾಡಿನ ಮಳೆಯಲ್ಲಿ ಘಟ್ಟದ ರಸ್ತೆ ಹಿಡಿಯುವವರು ಆ ಅಂಚಿನವರೆಗೆ ಕಾಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಟೈರಿಗೂ ರಸ್ತೆಗೂ ನಡುವೆ ನಿಲ್ಲುವ ನೀರನ್ನು ಹೊರಹಾಕುವುದು ಆ ಗೆರೆಗಳೇ. ಮುಂದಿನ ಟೈರಿನಲ್ಲಿ ಗೆರೆ ಉಳಿದಿತ್ತಾದರೂ ಅದು ಗಾಡಿಯೊಡನೆ ಬಂದ ಐದು ವರ್ಷ ಹಳೆಯ ಟೈರು. ಉಗುರಿನಿಂದ ಒತ್ತಿದರೆ ಗಟ್ಟಿಯಾಗಿರುವುದು ತಿಳಿಯುತ್ತಿತ್ತು. ಮಳೆಗಾಲಕ್ಕೆ ಮೊದಲು ಎರಡನ್ನೂ ಬದಲಿಸುವುದು, ಜೊತೆಗೆ ಹೊಸ ಹೆಲ್ಮೆಟ್, ಜಾಕೆಟ್, ಕೈಗವಸು ಕೊಳ್ಳುವುದು ಎಂದು ನಿಶ್ಚಯವಾಯಿತು. ಮನೆಯ ಲೆಕ್ಕದ ಪುಸ್ತಕ ಬರೆಯುವವನು ನಾನಾದ್ದರಿಂದ ಬೆಲೆ, ದಿನಾಂಕ, ರಸೀದಿಗಳೆಲ್ಲ ನನ್ನಲ್ಲಿವೆ.

ಎರಡು ಬೆಲೆ

ಶಿರಸಿಯ ಮೂರು ಅಂಗಡಿಗಳಲ್ಲಿ ವಿಚಾರಿಸಿದೆವು. ಮೂರರಲ್ಲಿಯೂ ನಮ್ಮ ಅಳತೆಯ ಟೈರ್ ಇರಲಿಲ್ಲ. ಊರಿನ ವ್ಯಾಪಾರ ನಡೆಯುವುದು ಸ್ಕೂಟರ್‌ಗಳ ಮತ್ತು 100ರಿಂದ 150 ಸಿಸಿಯವರೆಗಿನ ಗಾಡಿಗಳ ಅಳತೆಗಳಲ್ಲಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ಹೋಗುವ 21 ಇಂಚಿನ ಟೈರಿನಲ್ಲಿ ಸಣ್ಣ ಅಂಗಡಿಯವರು ಬಂಡವಾಳ ಹೂಡಿ ಕೂರಲಾರರು. ಹಾಗೆ ಹೂಡಿ ಕೂತಿದ್ದರೆ ಆ ಟೈರು ಗೋಡೆಯ ಮೇಲೆ ತೂಗಿಕೊಂಡೇ ಹಳತಾಗುತ್ತಿತ್ತು. ಆದ್ದರಿಂದ ಸರಕಿಲ್ಲವೆಂದು ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ಮೂರನೆಯ ಅಂಗಡಿಯ ಯಜಮಾನರು ಮಾತ್ರ ದಾರಿಯೊಂದನ್ನು ಹೇಳಿದರು: "ಹುಬ್ಬಳ್ಳಿಯಿಂದ ತರಿಸಿ ಕೊಡ್ತೇನೆ ಸರ್. ನಾಲ್ಕು ದಿನ ಆಗ್ತದೆ. ಅರ್ಧ ಹಣ ಮೊದಲೇ ಕೊಡಬೇಕಾಗ್ತದೆ."

ಅವರು ಹೇಳಿದ ಬೆಲೆ ಹಿಂದಿನ ಟೈರಿಗೆ 3,600 ರೂಪಾಯಿ, ಮುಂದಿನದಕ್ಕೆ 2,650, ಎರಡು ಟ್ಯೂಬುಗಳಿಗೆ 450 ಮತ್ತು 380. ಒಟ್ಟು 7,080 ರೂಪಾಯಿ. ಹಾಕಿಕೊಡುವ ಕೂಲಿ ಅದರಲ್ಲೇ ಸೇರಿತ್ತು. ಅದೇ ಕಂಪನಿಯ ಅದೇ ಟೈರುಗಳು ಆನ್‌ಲೈನ್‌ನಲ್ಲಿ 3,020 ಮತ್ತು 2,240 ರೂಪಾಯಿಗೆ, ಟ್ಯೂಬುಗಳು 400 ಮತ್ತು 350ಕ್ಕೆ ಸಿಗುತ್ತಿದ್ದವು. ಒಟ್ಟು 6,010. ಅಂತರ 1,070 ರೂಪಾಯಿ. ಹಣ ಮುಂಗಡ ಕೇಳಿದ್ದು ತಮ್ಮನಿಗೆ ಸರಿಬರಲಿಲ್ಲ. ಆನ್‌ಲೈನ್‌ನಲ್ಲಿ ಅರ್ಧವಲ್ಲ, ಪೂರ್ತಿ ಹಣವನ್ನೇ ಟೈರನ್ನು ಕಣ್ಣಿಂದ ಕಾಣುವ ಮೊದಲು ಕೊಡುತ್ತಿದ್ದೇವೆಂಬುದು ಆ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮೇ 3ರಂದು ಆನ್‌ಲೈನ್‌ನಲ್ಲಿಯೇ ಕೊಂಡೆವು.

ಮೇ 9ರಂದು ಟೈರುಗಳು ಬಂದವು. ಅಳತೆ ಸರಿಯಾಗಿತ್ತು, ಹಿಂದಿನ ಟೈರಿನ ಪಕ್ಕೆಯ ಮೇಲೆ 64ಎಸ್ ಎಂದಿತ್ತು. ಅಂದರೆ ಆ ಟೈರ್ 280 ಕಿಲೋ ಭಾರವನ್ನೂ ಗಂಟೆಗೆ 180 ಕಿ.ಮೀ. ವೇಗವನ್ನೂ ತಡೆಯುವಂತೆ ತಯಾರಾದದ್ದು. ಆದರೆ ಅದೇ ಪಕ್ಕೆಯ ಮೇಲೆ ತಯಾರಿಕೆಯ ಕಾಲ ತಿಳಿಸುವ ನಾಲ್ಕು ಅಂಕಿಗಳಿರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮಗೆ ಬಂದ ಹಿಂದಿನ ಟೈರಿನ ಮೇಲಿದ್ದುದು 0620. ಅಂದರೆ 2020ರ ಆರನೆಯ ವಾರದಲ್ಲಿ ತಯಾರಾಗಿ, ಮೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲೋ ಗೋದಾಮಿನಲ್ಲಿ ಕುಳಿತಿದ್ದ ಟೈರು. ರಬ್ಬರು ಬಳಸದೆ ಇಟ್ಟರೂ ಗಾಳಿಯ ಆಮ್ಲಜನಕ ಮತ್ತು ಸೆಕೆಗೆ ನಿಧಾನವಾಗಿ ಗಡುಸಾಗುತ್ತದೆ. ಗಡುಸಾದ ರಬ್ಬರಿನ ಕೊರತೆ ಮೊದಲು ಕಾಣುವುದು ಒದ್ದೆ ರಸ್ತೆಯ ಹಿಡಿತದಲ್ಲಿ. ಹೊಸ ಟೈರಿನ ಬೆಲೆ ಕೊಟ್ಟವರಿಗೆ ಈ ಅಂಕಿಗಳನ್ನು ಕೊಳ್ಳುವ ಮೊದಲೇ ತಿಳಿಯುವ ಹಕ್ಕಿರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ನಾವು ಕೊಂಡ ತಾಣದ ಪುಟದಲ್ಲಿ ಅದರ ಸುಳಿವೇ ಇರಲಿಲ್ಲ. ಅಂಗಡಿಯಲ್ಲಿ ಟೈರನ್ನು ಅರೆಕ್ಷಣ ತಿರುಗಿಸಿದರೆ ತಿಳಿಯುವ ಸಂಗತಿ ಅದು.

ಟೈರನ್ನು ರಿಮ್ಮಿಗೆ ಹಾಕಿರಲಿಲ್ಲವಾದ್ದರಿಂದ ಹಿಂತಿರುಗಿಸಲು ತೊಂದರೆಯಾಗಲಿಲ್ಲ. ಮಾರಾಟಗಾರರು ವಾದಕ್ಕಿಳಿಯದೆ ಒಪ್ಪಿದರು, ಅದನ್ನು ಹೇಳಲೇಬೇಕು. ಬದಲಿ ಟೈರು ಮೇ 22ರಂದು ಬಂತು. ಅಂಕಿ 4722, ಅಂದರೆ 2022ರ ನವೆಂಬರಿನದು. ಟೈರಿನಲ್ಲಿ ಯಾವ ಕುಂದೂ ಇರಲಿಲ್ಲ. ಕಳೆದದ್ದು ಹದಿಮೂರು ದಿನ ಮಾತ್ರ.

ಹಾಕಿಸುವ ಕೆಲಸ

ಹುಬ್ಬಳ್ಳಿಯಿಂದ ತರಿಸಿಕೊಡುವೆನೆಂದಿದ್ದ ಯಜಮಾನರ ಬಳಿಗೇ ತಮ್ಮ ಮೊದಲು ಹೋದ. ಮಳೆಗಾಲದ ಮುಂಚಿನ ದಿನಗಳು, ಅಂಗಡಿ ತುಂಬ ಗಾಡಿಗಳು. ತಮ್ಮಲ್ಲಿ ಕೊಂಡ ಟೈರುಗಳನ್ನೇ ಹಾಕಿ ಮುಗಿಸಲು ಆಳುಗಳಿಲ್ಲವೆಂದು ಅವರು ಸೌಜನ್ಯದಿಂದಲೇ ಹೇಳಿ ಕಳಿಸಿದರು. ಹೀಗಾಗಿ ಮೇ 27ರ ಶನಿವಾರ ಸಂಜೆ ಹೆದ್ದಾರಿ ಬದಿಯ ಪಂಚರ್ ಅಂಗಡಿಯೊಂದರಲ್ಲಿ, ಚಕ್ರಕ್ಕೆ 250 ರೂಪಾಯಿಯಂತೆ ಕೊಟ್ಟು ಹಾಕಿಸಿಕೊಂಡ. ಹಣ ನಗದಿನಲ್ಲಿ ಕೊಟ್ಟದ್ದು. ರಸೀದಿ ಅವನು ಕೇಳಲಿಲ್ಲ, ಅವರು ಕೊಡಲಿಲ್ಲ.

ಟ್ಯೂಬಿನ ಟೈರನ್ನು ಕೈಯಿಂದ ಹಾಕುವ ಕೆಲಸದಲ್ಲಿ ಟ್ಯೂಬನ್ನು ಕಾಯುವ ಕ್ರಮಗಳು ಕೆಲವಿವೆ. ಮೊದಲು ರಿಮ್ಮಿನೊಳಗೆ ಸ್ಪೋಕಿನ ತಲೆಗಳನ್ನು ಮುಚ್ಚುವ ಪಟ್ಟಿ ಸರಿಯಿದೆಯೇ ಎಂದು ನೋಡಿ, ಹರಿದಿದ್ದರೆ ಬದಲಿಸಬೇಕು. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ, ಅದು ಮಡಿಕೆ ಬೀಳದೆ ದುಂಡಾಗಿ ನಿಲ್ಲುವಂತೆ ಮಾಡಿ ಒಳಗಿಡಬೇಕು. ಟೈರಿನ ಒಳ ಅಂಚಿಗೆ, ಅಂದರೆ ತಂತಿಯಿರುವ ಗಟ್ಟಿ ಬಾಯಿಗೆ, ಸೋಪಿನ ನೀರು ಹಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಒಂದು ಬದಿಯಲ್ಲಿ ಲಿವರ್, ಅಂದರೆ ಮೀಟುವ ಕಬ್ಬಿಣದ ಪಟ್ಟಿ, ಹಾಕಿ ಅಂಚನ್ನು ರಿಮ್ಮಿನೊಳಕ್ಕೆ ದಾಟಿಸುವಾಗ ಎದುರು ಬದಿಯ ಅಂಚನ್ನು ಮಂಡಿಯಿಂದಲೋ ಪಾದದಿಂದಲೋ ಒತ್ತಿ ರಿಮ್ಮಿನ ನಡುವಿನ ತಗ್ಗಿನಲ್ಲಿ ಕೂರಿಸುವುದು. ಹಾಗೆ ಕೂರಿಸಿದರೆ ಕೊನೆಯ ಗೇಣುದ್ದದ ಭಾಗಕ್ಕೆ ಸಡಿಲು ಸಿಗುತ್ತದೆ, ಬಲ ಬೇಕಾಗುವುದಿಲ್ಲ. ಕೂರಿಸದಿದ್ದರೆ ಆ ಕೊನೆಯ ಭಾಗ ಬಿಗಿಯುತ್ತದೆ. ಉದ್ದನೆಯ ಲಿವರ್ ತೂರಿಸಿ ಬಲವಾಗಿ ಮೀಟಬೇಕಾಗುತ್ತದೆ. ಲಿವರಿನ ತುದಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿಕೊಳ್ಳುತ್ತದೆ. ಹೊರಗೆ ನಿಂತವರಿಗೆ ಇದಾವುದೂ ಕಾಣುವುದಿಲ್ಲ. ಗಾಳಿ ನಿಂತಿತೆಂದರೆ ಕೆಲಸ ಮುಗಿಯಿತೆಂದೇ ಎಲ್ಲರೂ ತಿಳಿಯುತ್ತಾರೆ.

ತಮ್ಮ ಆ ಹೊತ್ತಿನಲ್ಲಿ ರಸ್ತೆಯಾಚೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ. ಏನು ಮಾಡಿದರು, ಏನು ಬಿಟ್ಟರು ಎಂಬುದನ್ನು ನಾವು ಕಣ್ಣಾರೆ ಕಂಡಿಲ್ಲ. ನಂತರ ಸಿಕ್ಕ ಗುರುತುಗಳಿಂದ ಮಾತ್ರ ಊಹಿಸಬಹುದು.

ಮೂರು ದಿನಗಳಲ್ಲಿ ಹಿಂದಿನ ಚಕ್ರದ ಗಾಳಿ ತುಸು ಇಳಿಯಿತು. ತುಂಬಿಸಿದರೆ ಮತ್ತೆ ಮೂರು ನಾಲ್ಕು ದಿನಕ್ಕೆ ಇಳಿಯುವುದು. ಹಾಕಿದವರನ್ನೇ ಕೇಳಿದಾಗ ವಾಲ್ವಿನ ಒಳಪಿನ್ನು ಸಡಿಲವೆಂದು ಹೇಳಿ ಅದನ್ನು ಬದಲಿಸಿಕೊಟ್ಟರು. ಹೊಸ ಟ್ಯೂಬು ಹೀಗೆ ಗಾಳಿ ಬಿಡುವುದು ಸಹಜವಲ್ಲವೆಂದು ಆಗಲೇ ಚಕ್ರ ಬಿಚ್ಚಿಸಿ ನೋಡಬೇಕಿತ್ತು. ಆ ವರ್ಷ ಮುಂಗಾರು ತಡವಾಗಿ ಬಂತು. ಕೇರಳವನ್ನು ಮುಟ್ಟಿದ್ದೇ ಜೂನ್ 8ಕ್ಕೆ. ಮಳೆ ಬಾರದ ಆ ದಿನಗಳಲ್ಲಿ ನಾವೂ ಅವಸರ ಮಾಡಲಿಲ್ಲ.

ಜೂನ್ 17ರ ಶನಿವಾರ ಕುಮಟಾದಿಂದ ಘಟ್ಟ ಹತ್ತುವಾಗ ಗಾಡಿಯ ಹಿಂಭಾಗ ಅತ್ತಿತ್ತ ಓಲಾಡತೊಡಗಿತು. ಮಳೆ ಹನಿಯುತ್ತಿತ್ತು, ಹಿಂದೆ ಲಾರಿ, ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು. ತಿರುವಿನಲ್ಲಿ ನಿಲ್ಲಿಸಲು ಅಂಚೇ ಇರಲಿಲ್ಲ. ತಮ್ಮ ಬ್ರೇಕನ್ನು ಮುಟ್ಟದೆ, ವೇಗ ಇಳಿಸಿ, ಸುಮಾರು ಎರಡು ಕಿ.ಮೀ. ದೂರವನ್ನು ನಡಿಗೆಯ ವೇಗದಲ್ಲಿ ಸಾಗಿ ಅಗಲವಾದ ಜಾಗ ಸಿಕ್ಕಿದ ಮೇಲೆ ನಿಂತ. ಬೀಳಲಿಲ್ಲ, ನನಗೆ ಇಂದಿಗೂ ದೊಡ್ಡ ಸಮಾಧಾನದ ಸಂಗತಿ ಅದು. ಪಿಕಪ್ ಗಾಡಿಯಲ್ಲಿ ಶಿರಸಿಗೆ ತರಲು 1,200 ರೂಪಾಯಿ ತಗಲಿತು.

ದೋಷ ಯಾರದು

ಚಕ್ರ ಬಿಚ್ಚಿದ್ದು ಹುಬ್ಬಳ್ಳಿಯಿಂದ ತರಿಸಿಕೊಡುವೆನೆಂದಿದ್ದ ಯಜಮಾನರ ಅಂಗಡಿಯಲ್ಲಿ. ಈ ಸಲ ನಾವಿಬ್ಬರೂ ಎದುರಿಗೇ ನಿಂತಿದ್ದೆವು. ಮೊಳೆಯೋ ಮುಳ್ಳೋ ಚುಚ್ಚಿದ್ದರೆ ತೂತು ಟ್ಯೂಬಿನ ಹೊರಮೈಯಲ್ಲಿ, ಅಂದರೆ ರಸ್ತೆಯ ಕಡೆಯ ಮುಖದಲ್ಲಿ ಇರುತ್ತದೆ, ಟೈರಿನಲ್ಲೂ ಅದಕ್ಕೆ ಹೊಂದುವ ತೂತು ಇರುತ್ತದೆ. ನಮ್ಮ ಟ್ಯೂಬಿನಲ್ಲಿ ಇದ್ದುದು ಒಂದರ ಪಕ್ಕ ಒಂದರಂತೆ ಎರಡು ಚಿಕ್ಕ ಸೀಳುಗಳು, ಅದೂ ರಿಮ್ಮಿನ ಕಡೆಯ ಮುಖದಲ್ಲಿ, ಟೈರಿನ ಅಂಚು ಕೂರುವ ಜಾಗದಲ್ಲಿ. ಒಂದು ಸೀಳು ಅರೆಬರೆಯಾಗಿ ಕಚ್ಚಿದ ಗುರುತಿನಿಂದ ಶುರುವಾಗಿ ದಿನೇ ದಿನೇ ಹಿಗ್ಗಿದಂತಿತ್ತು. ಟೈರಿನಲ್ಲಿ ಎಲ್ಲಿಯೂ ತೂತಿರಲಿಲ್ಲ. ಯಜಮಾನರು ಟ್ಯೂಬನ್ನು ಬೆರಳಲ್ಲಿ ಎಳೆದು ತೋರಿಸಿ, "ಇದು ಲಿವರ್ ಕಚ್ಚಿದ್ದು ಸರ್, ರಸ್ತೆಯಲ್ಲಿ ಆದದ್ದಲ್ಲ" ಎಂದರು. ಟೈರಿನ ಒಳಗೆ ಪಕ್ಕೆಯ ಸುತ್ತ ರಬ್ಬರಿನ ಕಪ್ಪು ಪುಡಿ ಉದುರಿತ್ತು, ಒಂದೆರಡು ಕಡೆ ಒಳಗಿನ ನೂಲು ಕಾಣುತ್ತಿತ್ತು. ಗಾಳಿಯಿಲ್ಲದ ಟೈರನ್ನು ಓಡಿಸಿದಾಗ ಪಕ್ಕೆ ಮಡಿಚಿಕೊಂಡು ರಿಮ್ಮಿನಡಿಯಲ್ಲಿ ಅರೆಯಲ್ಪಡುವುದರಿಂದ ಹೀಗಾಗುತ್ತದೆ. ಹೊರಗಿನಿಂದ ಹೊಸದರಂತೆಯೇ ಕಾಣುತ್ತಿದ್ದ, ಮೂರೇ ವಾರ ಓಡಿದ ಆ ಟೈರನ್ನು ಮತ್ತೆ ಬಳಸುವಂತಿರಲಿಲ್ಲ.

ನಷ್ಟವನ್ನು ಯಾರಿಂದ ಕೇಳಬೇಕು? ಆನ್‌ಲೈನ್ ಮಾರಾಟಗಾರರು ಒಮ್ಮೆ ಹಾಕಿದ ಟೈರನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದರು. ಟೈರಿನಲ್ಲಿ ದೋಷವೇ ಇಲ್ಲದಿರುವಾಗ ಅವರ ಮಾತನ್ನು ತಪ್ಪೆನ್ನಲಾಗದು. ಕಂಪನಿಯ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ತಯಾರಿಕೆಯದೇ ದೋಷವಾದರೂ ಟೈರನ್ನು ಪರೀಕ್ಷಿಸಿ, ಸವೆದ ಭಾಗವನ್ನು ಕಳೆದು, ಉಳಿದ ಗೆರೆಗೆ ತಕ್ಕಷ್ಟೇ ಪರಿಹಾರ ಕೊಡುವುದು ಈ ವ್ಯಾಪಾರದ ಪದ್ಧತಿ. ಗಾಳಿಯಿಲ್ಲದೆ ಓಡಿದ ಗುರುತು ಕಂಡೊಡನೆ ಆ ಬಾಗಿಲು ಮುಚ್ಚಿತು. ಉಳಿದವರು ಟೈರ್ ಹಾಕಿದವರು. ಅವರು ತಾವು ಹಾಕಿದ್ದನ್ನೇ ಮೊದಲು ಅಲ್ಲಗಳೆದರು, ಆಮೇಲೆ ಟ್ಯೂಬೇ ಕಳಪೆ ಎಂದರು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆಯೂ ದೂರಿಗೆ ಕಾರಣವಾಗುತ್ತದೆ. ಟೈರ್ ಹಾಕಿಕೊಡುವ ಕೂಲಿಯೂ ಹಣಕ್ಕೆ ಪಡೆದ ಸೇವೆಯೇ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ನಮಗಾದರೆ ಕಾರವಾರದ ಜಿಲ್ಲಾ ಆಯೋಗಕ್ಕೆ. ಐದು ಲಕ್ಷ ರೂಪಾಯಿಯೊಳಗಿನ ವಿಷಯಕ್ಕೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ತಮ್ಮ ಕರೆಮಾಡಿ ವಿಚಾರಿಸಿದ. ಆದರೆ ಆ ಅಂಗಡಿಯಲ್ಲಿ ಆ ದಿನ ಆ ಕೆಲಸ ಮಾಡಿಸಿದ್ದಕ್ಕೆ ನಮ್ಮಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಫೋನಿನಿಂದ ಹಣ ಕಳಿಸಿದ್ದರೆ ಅದರ ದಾಖಲೆಯಾದರೂ ಉಳಿಯುತ್ತಿತ್ತು. ನಾವು ಅಲ್ಲಿಗೆ ಕೈಬಿಟ್ಟೆವು.

ಪ್ರಕರಣದ ತಿರುಳು ಇಲ್ಲಿದೆ. ಆನ್‌ಲೈನ್‌ನಲ್ಲಿ ಬಂದ ಟೈರು ಒಳ್ಳೆಯದೇ ಆಗಿತ್ತು. ಕೆಟ್ಟದ್ದು ನಮ್ಮೂರಿನಲ್ಲಿಯೇ ನಡೆದ ಕೆಲಸ. ಹಾಗಿದ್ದೂ ನಷ್ಟ ಪೂರ್ತಿಯಾಗಿ ನಮ್ಮ ಮೇಲೆ ಬಿದ್ದದ್ದು ಮಾರಾಟವೊಬ್ಬರದು, ಜೋಡಣೆ ಇನ್ನೊಬ್ಬರದು ಎಂದು ನಾವೇ ಒಡೆದಿದ್ದರಿಂದ. ಟೈರು ಪೆಟ್ಟಿಗೆಯಲ್ಲಿ ಬಂದಾಗ ಅರ್ಧ ಸರಕು ಮಾತ್ರ. ರಿಮ್ಮಿನ ಮೇಲೆ ಸರಿಯಾಗಿ ಕೂತ ಮೇಲೆಯೇ ಅದು ಟೈರಾಗುವುದು. ಆ ಎರಡು ಅರ್ಧಗಳಿಗೂ ಒಬ್ಬರೇ ಹೊಣೆಗಾರರಾಗಿದ್ದರೆ, ಗಾಳಿ ಮೊದಲ ಸಲ ಇಳಿದ ದಿನವೇ ಅವರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬಿಚ್ಚಿಸುವ ಅಧಿಕಾರ ನಮಗಿರುತ್ತಿತ್ತು.

ಲೆಕ್ಕ

ಆನ್‌ಲೈನ್ ಟೈರು, ಟ್ಯೂಬುಗಳಿಗೆ 6,010. ಹಾಕಿಸಿದ ಕೂಲಿ 500. ಏನೂ ಕೆಡದೆ ಹೋಗಿದ್ದರೆ ಒಟ್ಟು ಖರ್ಚು 6,510 ರೂಪಾಯಿ, ಉಳಿತಾಯ ನಾವು ಎಣಿಸಿದ್ದ 1,070 ಅಲ್ಲ, 570. ಇದಕ್ಕೆ ಪಿಕಪ್ ಬಾಡಿಗೆ 1,200, ಮತ್ತೆ ಕೊಂಡ ಹಿಂದಿನ ಟೈರ್ 3,600, ಟ್ಯೂಬ್ 450 ಸೇರಿಸಿದರೆ 11,760. ಅಂಗಡಿಯವರು ಮೊದಲು ಹೇಳಿದ್ದಕ್ಕಿಂತ 4,680 ರೂಪಾಯಿ ಹೆಚ್ಚು. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾನು ಹೇಳುತ್ತಿಲ್ಲ; ಯಜಮಾನರ ಅಂಗಡಿಯಲ್ಲಿಯೇ ಹಾಕಿಸಿದ್ದರೂ ಟ್ಯೂಬು ಕಚ್ಚಬಹುದಿತ್ತು. ಬೆಲೆಯನ್ನು ಹೋಲಿಸುವಾಗ ಹಾಕಿಸುವ ಕೂಲಿಯನ್ನು ಬಿಟ್ಟು ಲೆಕ್ಕಹಾಕಿದ್ದು ನಮ್ಮ ಮೊದಲ ತಪ್ಪು, ಹೊಣೆಗೊಂದು ಬೆಲೆಯಿದೆ ಎಂಬುದನ್ನು ಲೆಕ್ಕಕ್ಕೇ ತಾರದಿದ್ದುದು ಎರಡನೆಯದು.

ಇನ್ನೊಂದು ಮಾತು. ಬಿಲ್ ಬೇಡವೆಂದರೆ ಇಷ್ಟು ಕಡಿಮೆ ಮಾಡಿಕೊಡುತ್ತೇವೆ ಎನ್ನುವ ಅಂಗಡಿಗಳು ಊರೂರಿನಲ್ಲಿವೆ. ಆಗ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ. 28 ಇತ್ತು, 3,600 ರೂಪಾಯಿಯ ಟೈರಿನಲ್ಲಿ ತೆರಿಗೆಯೇ 787 ರೂಪಾಯಿಯಷ್ಟಾಗುತ್ತಿತ್ತು, ಆಸೆ ಹುಟ್ಟುವುದು ಸಹಜ. ಆದರೆ ಆ ಬಿಲ್ಲಿಲ್ಲದ ಟೈರಿಗೆ ವಾರಂಟಿಯೂ ಇಲ್ಲ, ದೂರು ಕೊಡುವ ದಾರಿಯೂ ಇಲ್ಲ. ಹೀಗೆ ಮಾರುವ ಸ್ಥಳೀಯ ಅಂಗಡಿಯವರು ಆನ್‌ಲೈನ್‌ಗಿಂತ ತಮ್ಮಲ್ಲಿರುವ ಒಂದೇ ಒಂದು ಹೆಚ್ಚುಗಾರಿಕೆಯನ್ನು ತಾವೇ ಕಳೆದುಕೊಳ್ಳುತ್ತಾರೆ.

ಹೆಲ್ಮೆಟ್, ಜಾಕೆಟ್

ಸವಾರಿಯ ಉಡುಪಿನ ವಿಷಯದಲ್ಲಿ ಒಂದೊಂದು ವಸ್ತುವಿಗೂ ಬೇರೆ ಬೇರೆ ಉತ್ತರ ಸಿಕ್ಕಿತು.

ಹೆಲ್ಮೆಟನ್ನು ಮೊದಲು ಆನ್‌ಲೈನ್‌ನಲ್ಲಿ ತರಿಸಿದೆವು. ಹುಬ್ಬಿನ ಮೇಲಿಂದ ಟೇಪು ಹಿಡಿದಾಗ ತಲೆಯ ಸುತ್ತಳತೆ 59 ಸೆಂ.ಮೀ.; ಪಟ್ಟಿಯಲ್ಲಿ ಅದಕ್ಕೆ ಹೇಳಿದ ಅಳತೆಯನ್ನೇ ಆರಿಸಿದ್ದು. ಬಂದದ್ದು ಹಣೆಗೆ ಒತ್ತುತ್ತಿತ್ತು, ಕಿವಿಯ ಬಳಿ ಸಡಿಲವಿತ್ತು. ಸುತ್ತಳತೆ ಒಂದೇ ಆದರೂ ಕೆಲವರ ತಲೆ ದುಂಡು, ಕೆಲವರದು ಮುಂದಿನಿಂದ ಹಿಂದಕ್ಕೆ ನೀಳ. ಟೇಪು ಅದನ್ನು ಹೇಳುವುದಿಲ್ಲ. ಹಣೆ ನೋಯಿಸುವ ಹೆಲ್ಮೆಟನ್ನು ಯಾರೂ ಘಟ್ಟದುದ್ದಕ್ಕೂ ಹಾಕಿಕೊಂಡಿರುವುದಿಲ್ಲ; ಸಡಿಲವಾದದ್ದು ಬಿದ್ದಾಗ ತಲೆಯ ಮೇಲೆ ನಿಲ್ಲುವುದಿಲ್ಲ. ಅದನ್ನು ಹಿಂತಿರುಗಿಸಿ, 100 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಅಂಗಡಿಯಲ್ಲಿ ಒಂದೊಂದನ್ನೂ ಹಾಕಿ, ಮೆಚ್ಚಿದ್ದನ್ನು ಇಪ್ಪತ್ತು ನಿಮಿಷ ತಲೆಯ ಮೇಲೆಯೇ ಇಟ್ಟುಕೊಂಡು ನೋಡಿ ಕೊಂಡದ್ದಾಯಿತು. ಬೆಲೆ ಆನ್‌ಲೈನ್‌ಗಿಂತ 300 ರೂಪಾಯಿ ಹೆಚ್ಚು. ಆ ಹಣ ಕೊಟ್ಟದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಹೆಲ್ಮೆಟ್ ತಯಾರಿಕೆಯ ದೊಡ್ಡ ಹೆಸರುಗಳಲ್ಲೊಂದಾದ ವೇಗಾ ನಮ್ಮ ಬೆಳಗಾವಿಯದೇ ಆಗಿರುವುದರಿಂದ ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಆಯ್ಕೆಗೆ ಬರವಿಲ್ಲ.

2021ರ ಜೂನ್ 1ರಿಂದ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ಹೆಲ್ಮೆಟನ್ನು ದ್ವಿಚಕ್ರ ಸವಾರರಿಗೆ ತಯಾರಿಸುವುದೂ ಮಾರುವುದೂ ನಿಷಿದ್ಧ. ಗುರುತಿನ ಜೊತೆಗೆ ಐಎಸ್ 4151 ಎಂಬ ಮಾನಕ ಸಂಖ್ಯೆ ಮತ್ತು ತಯಾರಕರ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದೆಂದು ತಿಳಿಯುತ್ತದೆ. ಹೆದ್ದಾರಿ ಬದಿಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಹೆಲ್ಮೆಟುಗಳ ಮೇಲಿನ ಅಂಟುಚೀಟಿಯನ್ನು ನೋಡಿದ ಮಾತ್ರಕ್ಕೆ ನಂಬುವುದು ಜೀವದ ಜೊತೆ ಆಡುವ ಆಟ. ಕಣ್ಣೆದುರು ಸಿಗುವ ಸರಕೆಲ್ಲ ಸಾಚಾ ಎನ್ನಲು ಬಾರದು.

ಜಾಕೆಟಿನ ಕಥೆ ಇದಕ್ಕೆ ವಿರುದ್ಧ. ನಾವು ಸುತ್ತಿದ ಅಂಗಡಿಗಳಲ್ಲಿ ಸವಾರಿಯ ಜಾಕೆಟ್ ಎಂದು ತೋರಿಸಿದ್ದು ಭುಜ, ಮೊಣಕೈಯಲ್ಲಿ ಮೆತ್ತನೆಯ ಸ್ಪಂಜು ತುಂಬಿದ, ಯಾವ ಮಾನಕದ ಚೀಟಿಯೂ ಇಲ್ಲದ ಬಟ್ಟೆಗಳು. ರಸ್ತೆಗೆ ಉಜ್ಜಿದಾಗ ಬಟ್ಟೆ ಎಷ್ಟು ತಡೆಯುತ್ತದೆ ಎಂಬುದಕ್ಕೆ ಯುರೋಪಿನ ಇಎನ್ 17092 ಮಾನಕವೂ, ಒಳಗಿನ ರಕ್ಷಾಕವಚ ಪೆಟ್ಟನ್ನು ಎಷ್ಟು ಹೀರುತ್ತದೆ ಎಂಬುದಕ್ಕೆ ಇಎನ್ 1621 ಮಾನಕವೂ ಇವೆ. ಎರಡನೆಯದರಲ್ಲಿ ಎರಡು ಹಂತಗಳು, ಹಂತ ಎರಡು ಹೆಚ್ಚು ಸುರಕ್ಷಿತ. ಈ ವಿವರಗಳನ್ನು ಬರೆದು ಮಾರುವ ಭಾರತೀಯ ತಯಾರಕರಿದ್ದಾರೆ, ಬೆಂಗಳೂರಿನ ವಯಾಟೆರಾ, ಮುಂಬಯಿಯ ರೈನಾಕ್ಸ್ ಮೊದಲಾದವರು. ಶಿರಸಿಯಂಥ ಊರಿನವರಿಗೆ ಅವರ ಸರಕು ಸುಲಭವಾಗಿ ಸಿಗುವುದು ಆನ್‌ಲೈನ್‌ನಲ್ಲಿಯೇ. ತಮ್ಮ ತರಿಸಿದ ಮೊದಲ ಜಾಕೆಟ್ ಬಿಗಿಯಾಯಿತು, ಒಂದು ಅಳತೆ ದೊಡ್ಡದನ್ನು ಬದಲಿಸಿ ತರಿಸಲು ಒಂಬತ್ತು ದಿನ ಹಿಡಿಯಿತು, ಅಷ್ಟೇ. ಜಾಕೆಟನ್ನು ಮನೆಯಲ್ಲಿಯೇ ಹಾಕಿ, ಗಾಡಿಯ ಮೇಲೆ ಕೂತು, ಹ್ಯಾಂಡಲ್ ಹಿಡಿದು ಮೊಣಕೈ ಕವಚ ಜಾಗ ಬಿಟ್ಟು ಸರಿಯುತ್ತದೆಯೇ ಎಂದು ನೋಡಬಹುದು. ಅದಕ್ಕೆ ಯಾರ ಕೈಕೆಲಸವೂ ಬೇಕಿಲ್ಲ. ಕೈಗವಸೂ ಹಾಗೆಯೇ ಬಂತು. ಮಳೆಕೋಟನ್ನು ಮಾತ್ರ ಶಿರಸಿಯ ಪೇಟೆಯಲ್ಲಿಯೇ ಕೊಂಡ. ನಮ್ಮ ಮಳೆಗೆ ಯಾವುದು ತಡೆಯುತ್ತದೆಂದು ಇಲ್ಲಿಯವರಿಗೆ ಗೊತ್ತು.

ಆಮೇಲೆ

2023ರ ಜೂನ್‌ನಲ್ಲಿ ಹಿಂದಿನ ಟೈರನ್ನು ಯಜಮಾನರ ಮೂಲಕ ತರಿಸುವಾಗ ತಮ್ಮ ನಾಲ್ಕು ಮಾತುಗಳನ್ನು ಮೊದಲೇ ಆಡಿದ. ತಯಾರಿಕೆಯ ಅಂಕಿ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಮರಳಿಸಬೇಕು, ಬಿಲ್ಲಿನಲ್ಲಿ ಟೈರಿನ ಕ್ರಮಸಂಖ್ಯೆ ಇರಬೇಕು, ಹಾಕುವಾಗ ತಾನು ಎದುರಿಗೆ ನಿಲ್ಲುತ್ತೇನೆ, ಒಂದು ವಾರದ ಮೇಲೆ ಗಾಳಿ ಇಳಿದಿದ್ದರೆ ಕೂಲಿಯಿಲ್ಲದೆ ಬಿಚ್ಚಿ ನೋಡಬೇಕು. ಅವರು ನಾಲ್ಕಕ್ಕೂ ಒಪ್ಪಿದರು. ಹೀಗೆ ಕೇಳುವ ಗಿರಾಕಿಗಳು ಇದ್ದರೆ ತಮಗೂ ಹುಬ್ಬಳ್ಳಿಯ ವಿತರಕರಲ್ಲಿ ಹಳೆಯ ಸರಕು ಬೇಡವೆನ್ನಲು ಧೈರ್ಯ ಬರುತ್ತದೆಂದೂ ಹೇಳಿದರು.

2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದರ ಮರುತಿಂಗಳು, ಹೊಂಡವೊಂದಕ್ಕೆ ಬಿದ್ದು ಪಕ್ಕೆ ಉಬ್ಬಿದ್ದ ಮುಂದಿನ ಟೈರನ್ನು ಬದಲಿಸಬೇಕಾಯಿತು. ಈ ಸಲವೂ ಅದೇ ಅಂಗಡಿ. ತೆರಿಗೆ ಇಳಿದದ್ದು ಬಿಲ್ಲಿನಲ್ಲಿ ಬೇರೆಯಾಗಿಯೇ ಕಾಣಿಸಿತ್ತು. ತಮ್ಮ ಬಾಯಿಬಿಡುವ ಮೊದಲೇ ಯಜಮಾನರು ಟೈರನ್ನು ಬೆಳಕಿಗೆ ತಿರುಗಿಸಿ 3325 ಎಂಬ ಅಂಕಿ ತೋರಿಸಿದರು. ಹುಡುಗ ಟ್ಯೂಬಿಗೆ ಮೊದಲು ತುಸು ಗಾಳಿ ತುಂಬಿ, ಅಂಚಿಗೆ ಸೋಪಿನ ನೀರು ಹಚ್ಚಿ, ಎದುರು ಬದಿಯನ್ನು ಮಂಡಿಯಿಂದ ಒತ್ತಿ ಹಿಡಿದ. ಕೊನೆಯ ಗೇಣುದ್ದದ ಭಾಗ ಲಿವರಿನ ಹಂಗಿಲ್ಲದೆ ಅಂಗೈಯ ಒತ್ತಿಗೇ ಒಳಗೆ ಹೋಯಿತು. ಎಂಟು ದಿನದ ಮೇಲೆ ಮೀಟರ್ ಇಟ್ಟು ನೋಡಿದಾಗ ಗಾಳಿ ಹಾಕಿದಷ್ಟೇ ಇತ್ತು.